ಸೀನ, ಅವತ್ತು ಅದು ಉಬ್ಬಲ್ಲ ಕಣೋ

ಪ್ರೀತಿಯ ಸೀನ,

ಮೊನ್ನೆ ಊಟಿಯಿಂದ ಬಸ್ಸಿನಲ್ಲಿ ಬರುತ್ತಾ ಬಂಡೀಪುರ ದಾಟಿದೆ. ನಮ್ಮ ಹುಲಿ ಇನ್ನೂ ಅದೇ ಜಾಗದಲ್ಲಿ ಕೂತಿದೆ, ಒಂಚೂರೂ ಕದಲಿಲ್ಲ. ನಿನ್ನ ಪರವಾಗಿಯೂ ಕೈ ಮುಗಿದೆ.

ಮಳೆ ಬಿದ್ದು ಕಾಡೆಲ್ಲ ಹಸಿರಾಗಿತ್ತು. ಪಕ್ಕದಲ್ಲಿ ಕೂತವರು "ಎಂಥ ದಟ್ಟ ಕಾಡು ನೋಡಿ" ಎಂದರು. ನಾವೂ ಹಾಗೇ ಅಂದುಕೊಳ್ಳುತ್ತಿದ್ದೆವು, ಅಲ್ವಾ? ಈಗ ನನ್ನ ಕಣ್ಣು ಮೊದಲು ಹೋಗುವುದು ಲಂಟಾನದ ಮೇಲೆ. ತೋಟದ ಅಂದಕ್ಕೆಂದು ಬ್ರಿಟಿಷರ ಕಾಲದಲ್ಲಿ ಬಂದ ಗಿಡ. ಇವತ್ತು ಮತ್ತಿ, ದಿಂಡಿಗ ಮರಗಳ ಬುಡದಲ್ಲಿ ಆಳೆತ್ತರ ಹೆಣೆದುಕೊಂಡಿದೆ. ಅದರ ಕೆಳಗೆ ಹುಲ್ಲು ಏಳುವುದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೇಸಿಗೆಯಲ್ಲಿ ಒಣಗಿದರೆ ಬೆಂಕಿಗೆ ಸೌದೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಕಾಡು ಸುಟ್ಟಾಗ ಟಿವಿ ಮುಂದೆ ಇಬ್ಬರೂ ಮಾತಿಲ್ಲದೆ ಕೂತಿದ್ದೆವಲ್ಲ.

1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ 9 ಕಾಡುಗಳಲ್ಲಿ ಬಂಡೀಪುರವೂ ಒಂದು. ಆದರೆ ಹುಲಿ ಬದುಕುವುದು ಜಿಂಕೆ, ಕಾಟಿಗಳಿಂದ. ಅವು ಬದುಕುವುದು ಹುಲ್ಲಿನಿಂದ. ಎಳೆ ಹುಲ್ಲು ಎಲ್ಲಿ ಕಂಡಿತು ಗೊತ್ತಾ? ರಸ್ತೆ ಪಕ್ಕದಲ್ಲಿ. ಪ್ರಾಣಿ ಕಾಣಲಿ, ಬೆಂಕಿ ದಾಟದಿರಲಿ ಎಂದು ಅಲ್ಲಿ ಪೊದೆ ಸವರಿರುತ್ತಾರೆ. ಜಿಂಕೆ ಅಲ್ಲಿಗೇ ಬರುತ್ತದೆ, ಇನ್ನೆಲ್ಲಿಗೆ ಹೋಗಬೇಕು?

ರಸ್ತೆಯ ಉಬ್ಬು ಹತ್ತಲು ಬಸ್ಸು ನಿಧಾನವಾದಾಗ ಕಿಟಕಿಯಿಂದ ಎರಡು ಮಾರು ದೂರದಲ್ಲಿ ಒಂದು ಹೆಣ್ಣು ಜಿಂಕೆ ನಿಂತಿತ್ತು. ಬಾಯಲ್ಲಿ ಹುಲ್ಲಿನ ಎಸಳು ಹಾಗೇ ಜೋತಿತ್ತು. ಒಂದು ಕಿವಿ ನಮ್ಮ ಕಡೆ, ಇನ್ನೊಂದು ಲಂಟಾನದ ಕಡೆ. ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿತು.

ಸೀನ, ಇಲ್ಲಿಂದ ಮುಂದೆ ಬರೆಯಬೇಕು ಅಂತಿರಲಿಲ್ಲ.

ಆ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಹುತೇಕ ವಾಹನಗಳ ಓಡಾಟ ಬಂದ್. ಅದು ಹಾಗೇ ಇರಬೇಕು ಎಂದು ನಾನು ಎಷ್ಟು ಸಲ ಬರೆದಿದ್ದೇನೆ, ಇದನ್ನು ಓದುತ್ತಿರುವ ಗೆಳೆಯರಿಗೂ ಗೊತ್ತು. ಬರೆದದ್ದರಲ್ಲಿ ಒಂದು ಮಾತೂ ವಾಪಸ್ ತಗೊಳ್ಳುವುದಿಲ್ಲ. ಆದರೆ ಒಂದು ವರ್ಷ ನಾವಿಬ್ಬರೂ ಇದೇ ದಾರಿಯಲ್ಲಿ ಕಾರಿನಲ್ಲಿ ವಾಪಸ್ ಬರುವಾಗ ರಾಜ್ಯದ ಗಡಿಯ ಕೆಕ್ಕನಹಳ್ಳ ಚೆಕ್‌ಪೋಸ್ಟಿನಲ್ಲೇ ರಾತ್ರಿ ಎಂಟೂವರೆ ದಾಟಿತ್ತು. ಕಾಡಿನ ಇನ್ನೊಂದು ತುದಿಯ ಮೇಲುಕಾಮನಹಳ್ಳಿ ಗೇಟು ಹಾಕುವುದರೊಳಗೆ ಆಚೆ ಸೇರಬೇಕು ಎಂದು ಜೋರಾಗಿ ಓಡಿಸಿದೆ. ನೀನು ಹಿಂದಿನ ಸೀಟಿನಲ್ಲಿ ಮಲಗಿದ್ದೆ. ಧಡ್ ಎಂದಾಗ ಎದ್ದು "ಏನೋ ಅದು?" ಎಂದೆ. ನಾನು "ಉಬ್ಬು, ಮಲಕ್ಕೋ" ಎಂದೆ.

ಮೊನ್ನೆ ಬಸ್ಸಿನಿಂದ ನೋಡಿದೆ. ಆ ತಿರುವಿನಲ್ಲಿ ಉಬ್ಬೇ ಇಲ್ಲ.

ಮೊಲವೋ, ಜಿಂಕೆಮರಿಯೋ, ನೋಡಲಿಲ್ಲ. ಕನ್ನಡಿಯಲ್ಲೂ ನೋಡಲಿಲ್ಲ. ಸತ್ತಿತ್ತೋ, ಅರೆಜೀವದಲ್ಲಿ ಲಂಟಾನದೊಳಗೆ ನುಸುಳಿತ್ತೋ. ಚೆಕ್‌ಪೋಸ್ಟಿನಲ್ಲಿ ಒಂದು ಮಾತು ಹೇಳಿದ್ದರೆ ಯಾರಾದರೂ ಹೋಗಿ ನೋಡುತ್ತಿದ್ದರು. ಗೇಟು ತೆರೆದಿದೆಯಲ್ಲ ಎಂಬ ಖುಷಿಯಲ್ಲಿ ದಾಟಿಬಿಟ್ಟೆ. ಮಾರನೆಯ ದಿನ ಬೆಳಿಗ್ಗೆ ನೀನು ಏಳುವ ಮೊದಲು ಬಂಪರ್ ತೊಳೆದೆ.

ಸಾಕು ಬಿಡು. ನಿಮ್ಮಮ್ಮನಿಗೆ ಈ ಪತ್ರ ಓದಿ ಹೇಳಬೇಡ, ಆ ಚಕ್ಕುಲಿ ಡಬ್ಬಿ ವಿಷಯವೇ ಅವರಿನ್ನೂ ಮರೆತಿಲ್ಲ. ಡಿಸೆಂಬರಿಗೆ ಬರುತ್ತೀಯಲ್ಲ, ಬೆಳಿಗ್ಗೆಯೇ ಹೊರಡೋಣ. ಸ್ಟೀರಿಂಗ್ ನಿನ್ನದು. ನಿಧಾನ ಓಡಿಸು. ಹುಲಿಗೆ ಈ ಸಲ ನೀನೇ ಕೈ ಮುಗಿ.

ನಿನ್ನ,
ಗುಂಡ