ಪುಸ್ತಕ ಕೈಗೆ ಬಂತು, ಈಗ ಥ್ಯಾಂಕ್ಸ್ ಹೇಳಬೇಕು

ನನ್ನ ಮೊದಲ ಚಿತ್ರಪುಸ್ತಕ ಅಚ್ಚಾಗಿ ಬಂದಿದೆ. ಕತೆಯೂ ನನ್ನದೇ, ಚಿತ್ರಗಳೂ ನನ್ನವೇ. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ, ಅಕ್ಕಪಕ್ಕದ ಮನೆ ಮಕ್ಕಳಿಗೂ ಇರಲಿ ಅಂತ ಒಟ್ಟಿಗೇ ನಾಲ್ಕೈದು ಪ್ರತಿ ಕೊಂಡವರಿಗೆ ತುಂಬಾ ಥ್ಯಾಂಕ್ಸ್.

ಆದರೆ ಮೊದಲ ನಮಸ್ಕಾರ ಮಕ್ಕಳ ಚಿತ್ರಪುಸ್ತಕಗಳನ್ನು ಬರೆದು, ಚಿತ್ರಿಸಿದ ಅಮೆರಿಕದ ಎರಿಕ್ ಕಾರ್ಲ್ ಅವರಿಗೆ. ಅವರು 2021ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ತೆಳು ಟಿಶ್ಯೂ ಕಾಗದಕ್ಕೆ ತಾವೇ ಬಣ್ಣ ಬಳಿದು, ಕತ್ತರಿಸಿ, ಅಂಟಿಸಿ ಚಿತ್ರ ಮಾಡುತ್ತಿದ್ದರು. ಅದನ್ನು ನೋಡಿಯೇ ನಾನು ಬ್ರಷ್ ಜೊತೆಗೆ ಕತ್ತರಿ ಹಿಡಿದದ್ದು.

ಕೈಯಲ್ಲಿ ಕೆಲಸವೇ ಇಲ್ಲದಿದ್ದ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟಿದ್ದು ಅವರ ಬದುಕು. ಹುಟ್ಟಿದ್ದು 1929ರಲ್ಲಿ, ಅಮೆರಿಕದ ಸಿರಾಕ್ಯೂಸ್‌ನಲ್ಲಿ. ಆರು ವರ್ಷದವರಿದ್ದಾಗ ಮನೆಯವರೆಲ್ಲ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದರು. ಅಲ್ಲಿ ಹಿಟ್ಲರನ ಆಡಳಿತ, ಶಾಲೆಯಲ್ಲಿ ಏಟು, ಆಮೇಲೆ ಯುದ್ಧ. ಮಗನನ್ನು ಕಾಡಿಗೆ ಕರೆದೊಯ್ದು, ಕಲ್ಲು ಎತ್ತಿ ಅಡಿಯಲ್ಲಿದ್ದ ಹುಳಹುಪ್ಪಟೆ ತೋರಿಸಿ ಮತ್ತೆ ಜೋಪಾನವಾಗಿ ಅಲ್ಲೇ ಬಿಡುತ್ತಿದ್ದ ಅಪ್ಪ ಸೈನ್ಯಕ್ಕೆ ಹೋದರು, ಸೋವಿಯತ್ ಸೆರೆಯಿಂದ 1947ರಲ್ಲಿ ವಾಪಸ್ ಬಂದಾಗ ಮೂಳೆ-ಚರ್ಮ ಮಾತ್ರ ಉಳಿದಿತ್ತು. ಆ ಯುದ್ಧದ ಕಾಲದಲ್ಲೇ ಕ್ರೌಸ್ ಎಂಬ ಡ್ರಾಯಿಂಗ್ ಮೇಷ್ಟ್ರು ಹುಡುಗನನ್ನು ಮನೆಗೆ ಕರೆದು, ನಾಜಿಗಳು ನಿಷೇಧಿಸಿದ್ದ ಚಿತ್ರಗಳ ಪ್ರತಿಗಳನ್ನು ಗುಟ್ಟಾಗಿ ತೋರಿಸಿದರು. ಸಿಕ್ಕಿಬಿದ್ದಿದ್ದರೆ ಅವರ ಗತಿ ಏನಾಗುತ್ತಿತ್ತೋ! ಆ ಮೇಷ್ಟ್ರನ್ನು ಕಾರ್ಲ್ ಕೊನೆವರೆಗೂ ನೆನೆದರು.

1952ರಲ್ಲಿ ಜೇಬಿನಲ್ಲಿ 40 ಡಾಲರ್ ಇಟ್ಟುಕೊಂಡು ನ್ಯೂಯಾರ್ಕ್‌ಗೆ ಬಂದರು. ಜಾಹೀರಾತಿನ ಕೆಲಸ ಮಾಡಿದರು. ಮಕ್ಕಳ ಪುಸ್ತಕಕ್ಕೆ ಬಂದಾಗ ವಯಸ್ಸು 40ರ ಹತ್ತಿರ. ತಡವಾಗಿ ಶುರು ಮಾಡಿದ ನನ್ನಂಥವರಿಗೆ ಇದು ಎಷ್ಟು ದೊಡ್ಡ ಮಾತು, ಅಲ್ವಾ?

1969ರ ಆ ಹಸಿದ ಕಂಬಳಿಹುಳುವಿನ ಪುಸ್ತಕ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಗೊತ್ತಲ್ಲ, 5 ಕೋಟಿಗೂ ಜಾಸ್ತಿ ಪ್ರತಿ ಹೋಗಿರುವುದು. ಅದರಲ್ಲಿ ಮೊದಲು ಕಂಬಳಿಹುಳುವೇ ಇರಲಿಲ್ಲ, ಬರೀ ಪುಸ್ತಕದ ಹುಳು ಇತ್ತು. ಕಂಬಳಿಹುಳು ಆದರೆ ಹೇಗೆ ಅಂತ ಕೇಳಿದ್ದು ಸಂಪಾದಕಿ ಆನ್ ಬೆನೆಡ್ಯೂಸ್. ಹುಳು ತಿಂದ ಗುರುತಾಗಿ ಹಾಳೆಯಲ್ಲಿ ತೂತು ಇರುವ ಆ ಪುಸ್ತಕ ಅಮೆರಿಕದಲ್ಲಿ ಅಚ್ಚು ಮಾಡಿಸುವುದು ಕೈಗೆಟುಕಲಿಲ್ಲ. ಆಕೆ ಜಪಾನಿನಲ್ಲಿ ಪ್ರೆಸ್ ಹುಡುಕಿದರು.

ಹಾಗಾಗಿ ನನ್ನ ಸಂಪಾದಕಿ ಮೇಡಂ, ನಿಮಗೆ ಏನು ಹೇಳಲಿ! ಕಿಟಕಿಯ ಹಾಗೆ ಕತ್ತರಿಸಿದ ತೂತು ಇರುವ ಪುಟಗಳು ದುಬಾರಿ, ತೆಗೆದುಬಿಡಿ ಅಂತ ಬೇರೆ ಪ್ರಕಾಶಕರೊಬ್ಬರು ಹೇಳಿ ಕಳಿಸಿದ್ದರು. ನೀವು ಒಂದನ್ನೂ ತೆಗೆಯಲಿಲ್ಲ, ಬದಲಿಗೆ ಪಠ್ಯ ಅರ್ಧ ಮಾಡಿಸಿದಿರಿ. ಈಗ ಓದಿದರೆ ಅದೇ ಸರಿ ಅನಿಸುತ್ತದೆ. ಪ್ರೆಸ್ಸಿನಲ್ಲಿ ಆ ಕಿಟಕಿಗಳ ಡೈ ಕಟಿಂಗ್, ಅಂದರೆ ಅಚ್ಚು ಒತ್ತಿ ಕಾಗದ ಕತ್ತರಿಸುವ ಕೆಲಸ, ಮಾಡಿದ ಅಣ್ಣಂದಿರೇ, ಒಂದು ಅಂಚೂ ಹರಿದಿಲ್ಲ, ನಿಮ್ಮ ಕೈಗೆ ನಮಸ್ಕಾರ. ಉಳಿದ ಬಣ್ಣದ ಚಾಕ್‌ಪೀಸುಗಳನ್ನೆಲ್ಲ ನನಗೇ ಕೊಟ್ಟು, ಸಂಜೆ ಬೋರ್ಡ್ ಬಿಟ್ಟುಕೊಡುತ್ತಿದ್ದ ನಮ್ಮ ಪ್ರೈಮರಿ ಶಾಲೆ ಮೇಷ್ಟ್ರೇ, ಪುಸ್ತಕ ತಗೊಂಡು ನಾನೇ ಮನೆಗೆ ಬರುತ್ತೇನೆ.

ಶನಿವಾರ ಸಂಜೆ ನಮ್ಮೂರ ಲೈಬ್ರರಿಯಲ್ಲಿ ಮಕ್ಕಳಿಗೆ ಪುಸ್ತಕ ಓದಿ ಹೇಳುತ್ತೇನೆ, ಆಮೇಲೆ ಎಲ್ಲರೂ ಸೇರಿ ಕಾಗದ ಕತ್ತರಿಸಿ ಚಿತ್ರ ಮಾಡೋಣ. ಮಕ್ಕಳನ್ನು ಕರೆದುಕೊಂಡು ಬನ್ನಿ. ಮನೆಯಲ್ಲಿ ಹಳೆ ಬಣ್ಣದ ಕಾಗದ, ಮದುವೆ ಕಾರ್ಡು ಇದ್ದರೆ ಅದನ್ನೂ ತನ್ನಿ.