ದೋಣಿ ಹೊರಡುವ ಹೊತ್ತು ಇನ್ನು ಮುಂದೆ ಕಡಲಿನ ಭರತ ನೋಡಿ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಕಾರವಾರ ಕೊಲ್ಲಿಯ ನಮ್ಮ ದೋಣಿ ಪ್ರವಾಸ ಇಷ್ಟು ದಿನ ಬೆಳಿಗ್ಗೆ 10ಕ್ಕೆ ಕೋಡಿಬಾಗದಿಂದ ಹೊರಟು ಸಂಜೆ 5ಕ್ಕೆ ಮರಳುತ್ತಿತ್ತು. ಬರುವ ಅಕ್ಟೋಬರ್‌ನಿಂದ ಈ ಗೊತ್ತಾದ ಸಮಯ ಇರುವುದಿಲ್ಲ. ದೇವಬಾಗ ಕಡಲತೀರ, ಕೂರ್ಮಗಡ ಮತ್ತು ದೇವಗಡ ದ್ವೀಪಗಳ ಸುತ್ತು ಎಲ್ಲವೂ ಹಾಗೇ ಇವೆ, ದರವೂ ಅದೇ. ಹೊರಡುವ, ಮರಳುವ ಹೊತ್ತನ್ನು ಮಾತ್ರ ಆ ದಿನದ ಭರತ-ಇಳಿತ, ಅಂದರೆ ಕಡಲಿನ ನೀರು ಏರಿ ಇಳಿಯುವ ಹೊತ್ತು ನೋಡಿ ಇಡುತ್ತೇವೆ.

ಕಾರಣ ಕಾಳಿ ನದಿಯ ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ. ಮಳೆಗಾಲದಲ್ಲಿ ನದಿ ಹೊತ್ತು ತಂದ ಮರಳು ಅಳಿವೆ ಬಾಯಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ಅದು ವರ್ಷವರ್ಷವೂ ಜಾಗ ಬದಲಿಸುತ್ತದೆ. ಸದಾಶಿವಗಡದ ಗುಡ್ಡದಿಂದ ಇಳಿತದ ಹೊತ್ತಿನಲ್ಲಿ ನೋಡಿದರೆ ಅಳಿವೆಗೆ ಅಡ್ಡವಾಗಿ ಬಿಳಿ ನೊರೆಯ ಗೆರೆಯೊಂದು ಕಾಣುತ್ತದೆ. ದಿಬ್ಬ ಇರುವುದು ಅಲ್ಲೇ. ಇಳಿತದಲ್ಲಿ ನದಿಯ ನೀರು ಜೋರಾಗಿ ಹೊರಗೆ ಹರಿಯುತ್ತದೆ, ಕಡಲಿನ ಅಲೆ ಒಳಗೆ ಬರುತ್ತಿರುತ್ತದೆ. ಎರಡೂ ಎದುರುಬದುರಾದಾಗ ಅಲೆ ಒತ್ತೊತ್ತಾಗಿ, ಕಡಿದಾಗಿ ಎದ್ದು, ನೀರು ಕಡಿಮೆ ಇರುವಲ್ಲೇ ಒಡೆಯುತ್ತದೆ. ಭರತದಲ್ಲಿ ಅದೇ ಜಾಗವನ್ನು ದಾಟಿದ್ದೇ ಗೊತ್ತಾಗುವುದಿಲ್ಲ.

ಜನ ತುಂಬಿದ ನಮ್ಮ ದೋಣಿಯ ಪ್ರೊಪೆಲ್ಲರ್ ನೀರಿನ ಮಟ್ಟದಿಂದ ಸುಮಾರು ಮುಕ್ಕಾಲು ಮೀಟರ್ ಕೆಳಗಿರುತ್ತದೆ. ಅಲೆಯ ತಗ್ಗಿಗೆ ಬಿದ್ದಾಗ ದೋಣಿ ಇನ್ನರ್ಧ ಮೀಟರ್ ಇಳಿಯುತ್ತದೆ. ಹಾಗಾಗಿ ದಿಬ್ಬದ ಮೇಲೆ ಒಂದೂವರೆ ಮೀಟರ್ ನೀರಿಲ್ಲದಿದ್ದರೆ ದಾಟುವುದಿಲ್ಲ ಎಂದು ನಿಶ್ಚಯಿಸಿದ್ದೇವೆ. ತಳ ತಾಗಿದರೆ ಪ್ರೊಪೆಲ್ಲರ್ ಮುರಿಯುವುದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಎಂಜಿನ್ ತಣ್ಣಗಿರಲು ಸಮುದ್ರದ ನೀರನ್ನೇ ಎಳೆದುಕೊಳ್ಳುತ್ತದೆ. ಆ ನೀರಿನ ಜೊತೆ ಮರಳು ಹೋದರೆ ಪಂಪು ಸವೆದು ಎಂಜಿನ್ ಕಾಯುತ್ತದೆ. ಎಂಜಿನ್ನಿನ ಹಿಂಬದಿಯಿಂದ ಬೆರಳಿಗಿಂತ ಸಣ್ಣ ನೀರಿನ ಧಾರೆ ಸದಾ ಚಿಮ್ಮುತ್ತಿರುವುದನ್ನು ನೀವು ನೋಡಿರಬಹುದು. ಧಾರೆ ಸಣ್ಣಗಾದರೆ ಚಾಲಕ ಎಂಜಿನ್ ನಿಲ್ಲಿಸಲೇಬೇಕು. ಅಲೆ ಒಡೆಯುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿಗೆ ಅಲೆ ಪಕ್ಕದಿಂದ ಬಡಿಯುತ್ತದೆ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಇಲ್ಲಿ ಭರತ ತುಂಬುವುದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ಇಳಿತದ ತಳ ಸಂಜೆ ಐದರ ಸುಮಾರಿಗೆ, ಅಂದರೆ ನಮ್ಮ ದೋಣಿ ಮರಳುತ್ತಿದ್ದ ಹೊತ್ತಿಗೇ. ಆ ದಿನಗಳಲ್ಲಿ ಇನ್ನು ಬೆಳಿಗ್ಗೆ 8ಕ್ಕೆ ಹೊರಟು 1.30ರೊಳಗೆ ಮರಳುತ್ತೇವೆ. ಅಲ್ಲಿಂದ ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ದೋಣಿಯ ಹೊತ್ತೂ ಅದರ ಜೊತೆ ಸರಿಯುತ್ತದೆ. ಅಷ್ಟಮಿಯ ಹೊತ್ತಿಗೆ ನೀರಿನ ಏರಿಳಿತವೇ ಚಿಕ್ಕದು, ಆದರೆ ಇಳಿತ ಬೆಳಿಗ್ಗೆಯೇ ಬರುವುದರಿಂದ ಮಧ್ಯಾಹ್ನದ ಮೇಲೆ ಹೊರಟು ಸೂರ್ಯಾಸ್ತಕ್ಕೆ ಮುಂಚೆ ಮರಳುತ್ತೇವೆ. ಮಧ್ಯಾಹ್ನದ ನಂತರ ಪಡುವಣ ಗಾಳಿ ಏಳುತ್ತದೆ. ಗಾಳಿ ಜೋರಿದ್ದ ದಿನ ದೇವಗಡದ ಸುತ್ತನ್ನು ಕೈಬಿಟ್ಟು ದೇವಬಾಗ, ಕೂರ್ಮಗಡಕ್ಕೆ ಮಾತ್ರ ಹೋಗುತ್ತೇವೆ. ದೇವಗಡದಲ್ಲಿರುವ 1864ರ ದೀಪಸ್ತಂಭವನ್ನು ಹತ್ತಿರದಿಂದ ನೋಡಲೆಂದೇ ಬರುವವರು ದಯವಿಟ್ಟು ಬೆಳಗಿನ ದೋಣಿ ಇರುವ ದಿನವನ್ನೇ ಆರಿಸಿಕೊಳ್ಳಿ. ಅಂಜುದೀವ್ ದ್ವೀಪ ನೌಕಾನೆಲೆಗೆ ಸೇರಿದ್ದು, ಅಲ್ಲಿಗೆ ಯಾವ ಹೊತ್ತಿನಲ್ಲೂ ದೋಣಿ ಹೋಗುವಂತಿಲ್ಲ.

ಭರತದ ಲೆಕ್ಕ ಮೊದಲೇ ಸಿಗುವುದರಿಂದ ಹೊರಡುವ ಹೊತ್ತನ್ನು ಬುಕಿಂಗ್ ಮಾಡುವಾಗಲೇ ಹೇಳುತ್ತೇವೆ. ಗಾಳಿಯ ವಿಷಯ ಮಾತ್ರ ಹಿಂದಿನ ಸಂಜೆ ತಿಳಿಸುತ್ತೇವೆ. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದು ಬೆಳಿಗ್ಗೆ ಶಿರವಾಡದ ಕಾರವಾರ ನಿಲ್ದಾಣದಲ್ಲಿ ಇಳಿಯುವವರು ಅದೇ ದಿನ 8ರ ದೋಣಿಗೆ ಬುಕ್ ಮಾಡಬೇಡಿ. ರೈಲು ತಡವಾದರೆ ದೋಣಿ ಕಾಯಲಾಗದು, ಏಕೆಂದರೆ ಭರತ ಕಾಯುವುದಿಲ್ಲ. ಮಧ್ಯಾಹ್ನದ ದೋಣಿ ಸಿಕ್ಕರೆ ಬೆಳಗಿನ ಹೊತ್ತನ್ನು ಟಾಗೋರ್ ಕಡಲತೀರ, ಅಲ್ಲೇ ಇರುವ ಚಪಲ್ ಯುದ್ಧನೌಕೆ ಸಂಗ್ರಹಾಲಯ ಮತ್ತು ಸದಾಶಿವಗಡಕ್ಕೆ ಇಟ್ಟುಕೊಳ್ಳಿ. ಗುಡ್ಡಕ್ಕೆ ಮೊದಲು ಹೋಗಿ, ಬಿಸಿಲೇರಿದ ಮೇಲೆ ಕೊಲ್ಲಿಯ ಮೇಲೆ ಮಬ್ಬು ಕವಿದು ದ್ವೀಪಗಳು ಸರಿಯಾಗಿ ಕಾಣುವುದಿಲ್ಲ.

ಕೂರ್ಮಗಡದಲ್ಲಿ ಇಳಿಯುವಾಗ ಬರಿಗಾಲು ಬೇಡ. ಬಂಡೆಗಂಟಿದ ಸಿಂಪಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಹಸಿರು ಪಾಚಿ ಜಾರುತ್ತದೆ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಸಾಕು.

ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸುವುದಿಲ್ಲ, ಹತ್ತು ನಿಮಿಷದ ದಾರಿಗೂ ಅಷ್ಟೇ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯ ದಿನ ದೋಣಿ ಮಗುಚಿ ಜೀವಗಳು ಹೋದದ್ದನ್ನು ಈ ಊರು ಮರೆತಿಲ್ಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿದರೆ ನೀರಿನಲ್ಲಿ ಅದು ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ. ಆದ್ದರಿಂದ ಬುಕಿಂಗ್ ಮಾಡುವಾಗ ಪ್ರತಿ ಮಗುವಿನ ತೂಕ ತಿಳಿಸಿ, ಕಾಲುಗಳ ನಡುವೆ ಪಟ್ಟಿ ಇರುವ ಮಕ್ಕಳ ಜಾಕೆಟ್ ತೆಗೆದಿಡುತ್ತೇವೆ.

ಅಕ್ಟೋಬರ್‌ನಿಂದ ಮುಂದಿನ ದಿನಗಳಿಗೆ ಹಳೆಯ ಸಮಯಕ್ಕೆ ಈಗಾಗಲೇ ಬುಕ್ ಮಾಡಿದವರಿಗೆಲ್ಲ ಹೊಸ ಹೊತ್ತನ್ನು ಫೋನ್ ಮಾಡಿ ಹೇಳುತ್ತಿದ್ದೇವೆ. ಹೊಂದದಿದ್ದರೆ ಬೇರೆ ದಿನ ಕೊಡುತ್ತೇವೆ, ಅದೂ ಬೇಡವಾದರೆ ಪೂರ್ತಿ ಹಣ ಮರಳಿಸುತ್ತೇವೆ.

ಇಂತಿ,
ದೋಣಿ ಸಹಕಾರ ಸಂಘದ ಸದಸ್ಯರು
ಕೋಡಿಬಾಗ, ಕಾರವಾರ