ಆ ಕಾರ್ಡಿಗೆ ಸಹಿ ಹಾಕುವ ಮೊದಲು

ಡೊಂಬಿವಲಿ

ಪ್ರೀತಿಯ ಸುರೇಶ,

ಬ್ಯಾಂಕಿನವರು ಕೊಡುತ್ತಿರುವ ಪ್ರೀಮಿಯಂ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಲೇ ಅಂತ ಕೇಳಿದ ನಿನ್ನ ಮೆಸೇಜ್ ಓದಿದೆ. ವರ್ಷಕ್ಕೆ ಹತ್ತು ಸಾವಿರ ಫೀಸು, ಹತ್ತು ಲಕ್ಷ ಖರ್ಚು ಮಾಡಿದರೆ ಅದು ಮಾಫಿ, ಏರ್‌ಪೋರ್ಟಿನಲ್ಲಿ ಲೌಂಜ್ (ಆರಾಮಾಗಿ ಕೂತು ತಿಂಡಿ ತಿನ್ನುವ ಕೋಣೆ) ಫ್ರೀ, ಖರ್ಚಿಗೆ ಸಿಗುವ ಪಾಯಿಂಟ್ ಕೂಡಿಸಿ ಜರ್ಮನಿಗೆ ವಿಮಾನದ ಟಿಕೆಟ್. ಬ್ಯಾಂಕಿನ ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಮಗಳನ್ನು ನೋಡಿ ಬರುವ ಆಸೆ ನಿನಗೆಷ್ಟಿದೆ ಅಂತಲೂ ನನಗೆ ಗೊತ್ತು. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಕೇಳಿದರೆ, ಈ ಕಾರ್ಡು ನಿನಗೆ ಬೇಡ ಮಾರಾಯ.

ಹತ್ತು ಸಾವಿರದ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಕೈಯಿಂದ ಹೋಗುವುದು 11,800 ರೂಪಾಯಿ. ಅದು ಮಾಫಿ ಆಗಬೇಕಾದರೆ ತಿಂಗಳಿಗೆ 83,000ಕ್ಕಿಂತ ಜಾಸ್ತಿ ಕಾರ್ಡಿನಲ್ಲೇ ಖರ್ಚಾಗಬೇಕು. ನಿನ್ನ ಮನೆಯಲ್ಲಿ ದುಡ್ಡು ಎಲ್ಲಿಗೆ ಹೋಗುತ್ತದೆ ನೋಡು. ಪುಣೆಯ ಕೋಥ್ರೂಡ್ ಮನೆ ಬಾಡಿಗೆ, ಪೆಟ್ರೋಲು, ಇನ್ಶೂರೆನ್ಸು, ಲೈಟ್ ಬಿಲ್ಲು. ಬಾಡಿಗೆಯನ್ನು ಕಾರ್ಡಿನಲ್ಲಿ ಕಟ್ಟಿದರೆ ಎಷ್ಟೋ ಬ್ಯಾಂಕುಗಳು 1% ಚಾರ್ಜ್ ಹಾಕುತ್ತವೆ, ಪಾಯಿಂಟೂ ಕೊಡುವುದಿಲ್ಲ. ಪೆಟ್ರೋಲಿಗೂ ಸಾಮಾನ್ಯವಾಗಿ ಪಾಯಿಂಟ್ ಇರುವುದಿಲ್ಲ. ತರಕಾರಿಯವಳು, ಹಾಲಿನವನು, ರಿಕ್ಷಾದವನು ಎಲ್ಲರಿಗೂ ಯುಪಿಐ. ರುಪೇ ಕ್ರೆಡಿಟ್ ಕಾರ್ಡಾಗಿದ್ದರೆ ಯುಪಿಐಗೆ ಜೋಡಿಸಬಹುದಿತ್ತು, ನಿನಗೆ ಕೊಡುತ್ತಿರುವುದು ವೀಸಾ ಕಂಪನಿಯ ಕಾರ್ಡು, ಅದನ್ನು ಹಾಗೆ ಜೋಡಿಸಲು ಬರುವುದಿಲ್ಲ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಡಿ-ಮಾರ್ಟು, ಬಟ್ಟೆಬರೆ, ಅಪರೂಪಕ್ಕೊಂದು ಹೋಟೆಲ್ ಊಟ. ಅದರಲ್ಲಿ ಹತ್ತು ಲಕ್ಷ ಆಗುವ ಮಾತೇ ಇಲ್ಲ. ಫೀಸು ಉಳಿಸಲು ಬೇಡದ ಸಾಮಾನು ಕೊಳ್ಳಲು ಶುರುಮಾಡಿದರೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

'ನಿನ್ನ ಹತ್ತಿರ ಇದೆಯಲ್ಲ' ಅಂತ ಕೇಳಿದ್ದೀಯ. ಇದೆ, ನನಗೆ ಲಾಭವೂ ಇದೆ. ಆದರೆ ನಾನು ಸಿಂಗಾಪುರಕ್ಕೆ ಓಡಾಡುವುದು ಆಫೀಸಿನ ಕೆಲಸಕ್ಕೆ. ಟಿಕೆಟ್ಟು, ಹೋಟೆಲ್ಲು ನನ್ನ ಕಾರ್ಡಿನಲ್ಲಿ ಹೋಗುತ್ತದೆ, ಆಮೇಲೆ ಕಂಪನಿ ದುಡ್ಡು ಕೊಡುತ್ತದೆ. ಖರ್ಚು ಅವರದು, ಪಾಯಿಂಟ್ ನನ್ನದು. ಇಂಥ ಕಾರ್ಡು ಸರಿಹೊಂದುವುದು ಹೀಗೆ ಓಡಾಡುವವರಿಗೆ, ಇಲ್ಲವೇ ವ್ಯಾಪಾರದ ಬಿಲ್ಲನ್ನೆಲ್ಲ ಕಾರ್ಡಿನಲ್ಲೇ ಕಟ್ಟುವವರಿಗೆ. ನೀನು ಊರಿಗೆ ಹೋಗುವುದು ಕುಂದಾಪುರದ ರಾತ್ರಿ ಬಸ್ಸಿನಲ್ಲಿ. ಇನ್ನು ಲೌಂಜು. ಈಗ ಬಹಳ ಕಾರ್ಡುಗಳಲ್ಲಿ ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಒಳಗೆ ಬಿಡುತ್ತಾರೆ. ನಿನ್ನ ಜೊತೆ ಬರುವ ಶೋಭಾಗೆ ಬೇರೆ ಚಾರ್ಜ್ ಬೀಳಬಹುದು, ಅದನ್ನೂ ಕೇಳಿ ನೋಡು.

ಪಾಯಿಂಟಿನ ವಿಷಯ ಸ್ವಲ್ಪ ನಿಧಾನವಾಗಿ ಓದು. ಒಂದು ಪಾಯಿಂಟಿಗೆ ಇಷ್ಟೇ ಬೆಲೆ ಅಂತ ಇಲ್ಲ. ಕಾರ್ಡಿನ ಬಾಕಿಗೆ ವಜಾ ಮಾಡಿಸಿಕೊಂಡರೆ ಕೆಲವೇ ಪೈಸೆ. ವಿಮಾನ ಕಂಪನಿಯ ಖಾತೆಗೆ ಹಾಕಿ ಟಿಕೆಟ್ ತೆಗೆದರೆ ಅದಕ್ಕೇ ಎಷ್ಟೋ ಪಟ್ಟು ಬೆಲೆ ಬರಬಹುದು. ಏರ್ ಇಂಡಿಯಾ 2014ರಲ್ಲಿ ಸ್ಟಾರ್ ಅಲಯನ್ಸ್ ಅನ್ನುವ ವಿಮಾನ ಕಂಪನಿಗಳ ಒಕ್ಕೂಟ ಸೇರಿತು, ಜರ್ಮನಿಯ ಲುಫ್ತಾನ್ಸಾನೂ ಅದರಲ್ಲೇ ಇದೆ. ಹಾಗಾಗಿ ಏರ್ ಇಂಡಿಯಾ ಪಾಯಿಂಟಿನಲ್ಲಿ ಮುಂಬೈಯಿಂದ ಫ್ರಾಂಕ್‌ಫರ್ಟಿಗೆ ಲುಫ್ತಾನ್ಸಾ ಸೀಟು ಸಿಗುವುದು ಸಾಧ್ಯ. ಆದರೆ ಪಾಯಿಂಟಿಗೆ ಕೊಡುವ ಸೀಟುಗಳು ಕಡಿಮೆ. ಮಗಳ ರಜೆಯಲ್ಲೇ, ಇಬ್ಬರಿಗೂ ಒಂದೇ ದಿನ ಸಿಗಬೇಕು. ಸಿಕ್ಕರೂ ತೆರಿಗೆ, ಸರ್‌ಚಾರ್ಜ್ ದುಡ್ಡಿನಲ್ಲೇ ಕಟ್ಟಬೇಕು. ಕೂಡಿಟ್ಟು ಕಾಯೋಣ ಅಂದರೆ ಅದೂ ಕಷ್ಟ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಆ ವಿಮಾನಗಳನ್ನೇ ನಂಬಿ ಪಾಯಿಂಟ್ ಕೂಡಿಸಿದವರು ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕಾಯಿತು. ಪಾಯಿಂಟು ಬ್ಯಾಂಕಿನಲ್ಲಿಟ್ಟ ಡಿಪಾಜಿಟ್ ಅಲ್ಲ. ಅದರ ಬೆಲೆಯನ್ನು ಬ್ಯಾಂಕಿನವರಾಗಲಿ ವಿಮಾನ ಕಂಪನಿಯವರಾಗಲಿ ಯಾವಾಗ ಬೇಕಾದರೂ ಇಳಿಸಬಹುದು.

ನಿನಗೆ ನಿಜವಾಗಿ ದುಡ್ಡು ಉಳಿಯುವುದು ಬೇರೆ ಕಡೆ. ಜರ್ಮನಿಯಲ್ಲಿ ಎರಡು ಲಕ್ಷ ಖರ್ಚಾಯಿತು ಅಂತ ಇಟ್ಟುಕೋ. ಮಾಮೂಲಿ ಕಾರ್ಡಿನಲ್ಲಿ ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಹಣದ ಖರ್ಚಿನ ಮೇಲೆ ಬ್ಯಾಂಕು ಹಾಕುವ ಚಾರ್ಜು, 3.5%. ಅದೇ 7,000. ಅದರ ಮೇಲೆ ಜಿಎಸ್‌ಟಿ 1,260. ಒಟ್ಟು 8,260 ಸುಮ್ನೆ ಹೋಗುತ್ತದೆ. ಪ್ರೀಮಿಯಂ ಕಾರ್ಡಿನಲ್ಲಿ 2% ಹಿಡಿದರೆ 4,720. ಉಳಿದಿದ್ದು 3,540, ಅದಕ್ಕೆ ನೀನು ಕಟ್ಟಿದ ಫೀಸು 11,800! ಮಾರ್ಕಪ್ಪೇ ಇಲ್ಲದ, ವರ್ಷದ ಫೀಸೂ ಇಲ್ಲದ ಕಾರ್ಡುಗಳು ಈಗ ಸಿಗುತ್ತವೆ. ಅಂಥದ್ದೊಂದನ್ನು ಮಾಡಿಸು.

ಅಲ್ಲಿ ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಮೆಷಿನ್ ಮೇಲೆ ಒಮ್ಮೊಮ್ಮೆ ಎರಡು ಮೊತ್ತ ಬರುತ್ತದೆ. ಒಂದು ಯೂರೋದಲ್ಲಿ, ಇನ್ನೊಂದು ರೂಪಾಯಿಯಲ್ಲಿ. ನಮ್ಮ ರೂಪಾಯಿ ಕಂಡ ಕೂಡಲೇ ಬೆರಳು ಅದರ ಮೇಲೇ ಹೋಗುತ್ತದೆ. ಒತ್ತಬೇಡ. ಆ ರೂಪಾಯಿ ಲೆಕ್ಕ ಹಾಕುವುದು ಅಂಗಡಿಯ ಕಡೆಯವರು, ಅದರಲ್ಲಿ ಅವರ ಕಮಿಷನ್ ಸೇರಿರುತ್ತದೆ. ಕೆಲವು ಸಲ ಕ್ಯಾಶಿಯರ್ ನಮ್ಮನ್ನು ಕೇಳದೆ ತಾವೇ ಒತ್ತಿಬಿಡುತ್ತಾರೆ. ಅದಕ್ಕೆ ಮೊದಲೇ 'ಯೂರೋ' ಅಂದುಬಿಡು. ಶೋಭಾಗೂ ಹೇಳಿಕೊಡು.

ಒಂದು ವರ್ಷ ಇಟ್ಟುಕೊಂಡು ನೋಡಿ, ಬೇಡವಾದರೆ ಬಿಡಿ ಅಂತ ಬ್ಯಾಂಕಿನವರು ಅಂದರಂತಲ್ಲ, ಅದು ಸರಿ. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಕಾರ್ಡ್ ಕ್ಲೋಸ್ ಮಾಡಿಕೊಡಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ಅವರೇ ನಿನಗೆ ಕೊಡಬೇಕು. ಆದರೆ ಕಟ್ಟಿದ ಫೀಸು ವಾಪಸ್ ಬರುತ್ತದೆ ಅಂದುಕೊಳ್ಳಬೇಡ.

ಬರುವ ಭಾನುವಾರ ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿ ನಿಮ್ಮ ಮನೆಗೇ ಬರುತ್ತೇನೆ. ಕಳೆದ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಟ್ಟಿರು, ಕೂತು ಕೂಡಿಸೋಣ. ಅಲ್ಲಿವರೆಗೆ ಎಲ್ಲೂ ಸಹಿ ಹಾಕಬೇಡ. ಮಗಳಿಗೆ ಯಾವ ತಿಂಗಳು ರಜೆ ಅಂತಲೂ ಕೇಳಿಟ್ಟಿರು, ಟಿಕೆಟ್ ರೇಟು ಅವತ್ತೇ ನೋಡಿಬಿಡೋಣ.

ನಿನ್ನ,
ಗಣೇಶ